ಸೌಂಡ್‌ಬಾರಾ, ಬುಕ್‌ಶೆಲ್ಫ್ ಸ್ಪೀಕರಾ? ರಿವ್ಯೂ ಎಷ್ಟು ನಂಬ್ಬೋದು

ಹಾಲ್‌ಗೆ ಒಳ್ಳೇ ಸೌಂಡ್ ಬೇಕು ಅಂತ ನೋಡ್ತಾ ನೋಡ್ತಾ ಕೊನೆಗೆ ಉಳಿದಿದ್ದು ಎರಡು, ವೈರ್‌ಲೆಸ್ ಸಬ್‌ವೂಫರ್ (ಬೇಸ್‌ಗೇ ಅಂತ ಇರೋ ಸ್ಪೀಕರ್) ಜೊತೆ ಬರೋ ಸೌಂಡ್‌ಬಾರ್ (ಟೀವಿ ಕೆಳಗಿಡೋ ಉದ್ದನೇ ಸ್ಪೀಕರ್) ಒಂದು, ಹೆಚ್ಚುಕಮ್ಮಿ ಅದೇ ರೇಟಿಗೆ ಪುಟ್ಟ ಆಂಪ್ (ಸ್ಪೀಕರ್‌ಗೆ ಪವರ್ ಕೊಡೋ ಆಂಪ್ಲಿಫೈಯರ್) ಜೊತೆ ಬುಕ್‌ಶೆಲ್ಫ್ ಸ್ಪೀಕರ್ (ಶೆಲ್ಫ್ ಮೇಲಿಡೋ ಸಣ್ಣ ಸ್ಪೀಕರ್) ಜೋಡಿ ಇನ್ನೊಂದು. ಒಂದು ತಮ್ಮನ ಮನೇದು, ಇನ್ನೊಂದು ಫ್ರೆಂಡ್‌ದು, ಎರಡನ್ನೂ ತಂದು ಪಕ್ಕಪಕ್ಕ ಇಟ್ಟು ಕೇಳಿದ್ಮೇಲೆ ಓದಿದ್ದ ರಿವ್ಯೂಗಳಲ್ಲಿ ಯಾವ್ದು ಜೊಳ್ಳು ಯಾವ್ದು ಕಾಳು ಅಂತ ಗೊತ್ತಾಯ್ತು.

ಸೌಂಡ್‌ಬಾರ್‌ಗೆ ಸ್ಟಾರ್ ಜಾಸ್ತಿ. ಆದ್ರೆ ಐದು ಸ್ಟಾರ್ ಕೊಟ್ಟೋರೆಲ್ಲ ಬಾಕ್ಸ್ ಬಿಚ್ಚಿದ ದಿನವೇ ಬರ್ದಿರೋದು, ಪ್ಯಾಕಿಂಗ್ ಸೂಪರ್, ಬೇಸ್ ಕಿತ್ಕೊಂಡು ಹೋಗುತ್ತೆ ಅಂತ. 2022ರಲ್ಲಿ ಬಿಐಎಸ್‌ನೋರು (ಐಎಸ್‌ಐ ಮಾರ್ಕ್ ಕೊಡೋ ಸರ್ಕಾರಿ ಸಂಸ್ಥೆ) ಆನ್‌ಲೈನ್ ರಿವ್ಯೂಗೇ ಅಂತ ಐಎಸ್ 19000 ಸ್ಟ್ಯಾಂಡರ್ಡ್ ತಂದ್ರು, ಅದ್ರಿಂದ ಬರೆದೋರು ಅಸಲಿ ಗಿರಾಕಿನಾ ಅಂತ ನೋಡ್ಬೋದು ಅಷ್ಟೇ, ಅವ್ರ ಕಿವಿ ಹೆಂಗಿದೆ ಅಂತ ಅಲ್ಲ. ನಂಗೆ ಉಪಯೋಗ ಆಗಿದ್ದು ಎರಡು ಮೂರು ಸ್ಟಾರಿನವು: ಕೆಲವು ತಿಂಗಳಾದ್ಮೇಲೆ ಎಚ್‌ಡಿಎಂಐ ಆರ್ಕ್ (ಟೀವಿ ಸದ್ದನ್ನ ಸೌಂಡ್‌ಬಾರ್‌ಗೆ ತರೋ ಕೇಬಲ್ ಕನೆಕ್ಷನ್) ಆಗಾಗ ಕಟ್ ಆಗುತ್ತೆ, ಸಬ್‌ವೂಫರ್ ಪೇರಿಂಗ್ ಬಿಟ್ಟುಹೋಗುತ್ತೆ ಅಂತ ಬರ್ದಿದ್ರು, ತಮ್ಮನ ಮನೇಲೂ ಅದೇ ಕಥೆ.

ಯೂಟ್ಯೂಬ್‌ನಲ್ಲಿ ಸೌಂಡ್ ಟೆಸ್ಟ್ ಅಂತ ತೋರಿಸ್ತಾರಲ್ಲ, ಅವ್ರ ಮೈಕು, ಆಮೇಲೆ ಕಂಪ್ರೆಷನ್ನು, ಆಮೇಲೆ ನಮ್ಮ ಇಯರ್‌ಫೋನು ಇಷ್ಟು ದಾಟಿ ಬರೋ ಹೊತ್ತಿಗೆ ನಾವು ಕೇಳ್ತಿರೋದು ನಮ್ಮ ಇಯರ್‌ಫೋನ್ನೇ. ವಾಟ್ಸ್ ಬಗ್ಗೆ ಕೂಗಾಡೋರ್ದಂತೂ ಬಿಡಿ, ವಾಟ್ಸ್ ಡಬಲ್ ಆದ್ರೂ ಏರೋದು 3 ಡೆಸಿಬೆಲ್ (ಸದ್ದಿನ ಜೋರಿನ ಅಳತೆ), ಕಿವಿಗೆ ಎರಡರಷ್ಟು ಜೋರು ಅನ್ನಿಸ್ಬೇಕಂದ್ರೆ ಸುಮಾರು ಹತ್ತು ಪಟ್ಟು ಪವರ್ ಬೇಕು.

ಸ್ಪೀಕರ್ ಸದ್ದನ್ನ ಅಳೆದು ಮೆಷರ್‌ಮೆಂಟ್ ಗ್ರಾಫ್ ಹಾಕೋರು ವಾಸಿ. ಬುಕ್‌ಶೆಲ್ಫ್‌ದು ಮಿಡ್ (ಮಾತು, ಹಾಡಿನ ದನಿ ಇರೋ ನಡುವಿನ ಭಾಗ) ಎಲ್ಲ ಸಮ ಇದೆ, 70 ಹರ್ಟ್ಜ್ (ಈ ಅಂಕಿ ಕಮ್ಮಿ ಆದಷ್ಟೂ ದನಿ ದಪ್ಪ) ಕೆಳಗೆ ಸದ್ದು ಬೀಳುತ್ತೆ ಅಂತ ತೋರಿಸಿದ್ರು, ಮೃದಂಗ ಹಾಕಿದಾಗ ತೊಪ್ಪಿ (ದಪ್ಪ ದನಿಯ ಎಡಗಡೆ) ಸದ್ದು ಸ್ವಚ್ಛ, ತೀರಾ ಕೆಳಗಿನ ಗುಡುಗು ಮಾತ್ರ ಇಲ್ಲ. ಆದ್ರೆ ಗ್ರಾಫಲ್ಲಿ ನಮ್ಮ ಹಾಲ್ ಇಲ್ವಲ್ಲ! ಟೈಲ್ಸ್ ನೆಲ, ಬೋಳು ಗೋಡೆ, ಉದ್ದ 12 ಅಡಿ, ಅಷ್ಟು ಉದ್ದಕ್ಕೆ ಸುಮಾರು 47 ಹರ್ಟ್ಜ್ ಹತ್ರ ರೂಮೇ ಗುಂಯ್ ಅನ್ನುತ್ತೆ, ಸಬ್‌ವೂಫರ್ ಮೂಲೇಲಿಟ್ರೆ ಕೇಳೋದೇ ಬೇಡ, ಒಂದು ಅಡಿ ಮುಂದೆ ಎಳೆದ್ಮೇಲೆ ಸ್ವಲ್ಪ ತಣ್ಣಗಾಯ್ತು.

ಇನ್ನೊಂದು ವಿಷ್ಯ, 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತೆ ಶಾನ್ ಆಲಿವ್ ಅನ್ನೋ ಸೌಂಡ್ ಸಂಶೋಧಕರು ಹಾರ್ಮನ್ ಅನ್ನೋ ಆಡಿಯೋ ಕಂಪನೀಲಿ ಒಂದು ಟೆಸ್ಟ್ ಮಾಡಿದ್ರು, ಸ್ಪೀಕರ್ ಕಣ್ಣಿಗೆ ಕಾಣ್ತಿದ್ದಾಗ ಜನ ಕೊಟ್ಟ ಮಾರ್ಕ್ಸೇ ಬೇರೆ, ಕಾಣದ ಹಾಗೆ ಮಾಡಿದಾಗ ಕೊಟ್ಟಿದ್ದೇ ಬೇರೆ. ಹಾಗಾಗಿ ನಾವೂ ಅಮ್ಮನ ಹಳೇ ಕಾಟನ್ ಸೀರೆ ಅಡ್ಡ ಕಟ್ಟಿ, ಫೋನ್ ಆಪಲ್ಲಿ ಎರಡರ ವಾಲ್ಯೂಮೂ ಸಮ ಮಾಡಿ ಕೇಳಿದ್ವಿ (ಯಾವ್ದು ಸ್ವಲ್ಪ ಜೋರಿದ್ಯೋ ಅದೇ ಚೆನ್ನಾಗಿದೆ ಅನ್ಸುತ್ತೆ, ಶೋರೂಮ್ ಡೆಮೋಲಿ ಇದನ್ನ ಯಾರೂ ಸರಿ ಮಾಡಲ್ಲ). ಪಿ.ಬಿ. ಶ್ರೀನಿವಾಸ್ ದನಿಗೆ ಎಲ್ರೂ ಬುಕ್‌ಶೆಲ್ಫ್ ಅಂದ್ರು, ಸೌಂಡ್‌ಬಾರಲ್ಲಿ ಸರೌಂಡ್ ಮೋಡ್ ಹಾಕಿದ್ರೆ ಅದೇ ದನಿ ಬಾವಿಯೊಳಗಿಂದ ಬಂದಂಗಿತ್ತು. ಸೀರಿಯಲ್ ಡೈಲಾಗು, ಕ್ರಿಕೆಟ್ ಕಾಮೆಂಟ್ರಿಗೆ ಮಾತ್ರ ಸೌಂಡ್‌ಬಾರೇ ಸ್ಪಷ್ಟ.

ಟೀವಿಗಷ್ಟೇ ಸಾಕು ಅನ್ನೋರು ಸೌಂಡ್‌ಬಾರ್ ತಗೊಳ್ಳಿ, ತಗೊಳ್ಳೋ ಮುಂಚೆ ಕಮ್ಮಿ ಸ್ಟಾರಿನ ರಿವ್ಯೂ ಮತ್ತೆ ರಿಟರ್ನ್ ಪಾಲಿಸಿ ಓದಿ. ನಾವು ಬುಕ್‌ಶೆಲ್ಫ್ ತಗೊಂಡ್ವಿ, ಟೀವಿಗೊಂದು ಆಂಪ್‌ಗೊಂದು ಅಂತ ಎರಡೆರಡು ರಿಮೋಟ್ ಯಾಕೆ ಅಂತ ಅಮ್ಮಂಗೆ ದಿನಾ ಕೋಪ, ಅದನ್ನ ಯಾವ ರಿವ್ಯೂನಲ್ಲೂ ಬರ್ದಿರ್ಲಿಲ್ಲ.