ಬೀಟಲ್ಸ್ ಹಿಟ್ಸ್: '1' ತಗೊಳ್ಳಬೇಕಾ, ಕೆಂಪು-ನೀಲಿನಾ?

ಬೀಟಲ್ಸ್ ಕೇಳೋಕೆ ಎಲ್ಲಿಂದ ಶುರು ಮಾಡಲಿ ಮಾಮ ಅಂತ ಅಕ್ಕನ ಮಗ ಕೇಳಿದ. ಅರವತ್ತರ ದಶಕದ ಆ ಬ್ರಿಟಿಷ್ ಬ್ಯಾಂಡಿನ ಎರಡು ಥರದ ಹಿಟ್ಸ್ ಸಂಗ್ರಹ ನನ್ನ ಹತ್ತಿರ ಇವೆ. ಒಂದು, 2000ದಲ್ಲಿ ಬಂದ '1'. ಇನ್ನೊಂದು, 1973ರ ಜೋಡಿ ಆಲ್ಬಮ್: 1962–66ರ ಹಾಡುಗಳದು ಕೆಂಪು ಹೊದಿಕೆ, 1967–70ರದು ನೀಲಿ. ಉತ್ತರ ಹೇಳುವ ಮೊದಲು ಎಲ್ಲವನ್ನೂ ಮತ್ತೆ ಕೂತು ಕೇಳಿದೆ.

'1'ರ ನಿಯಮ ಸರಳ. ಬ್ರಿಟನ್ ಅಥವಾ ಅಮೆರಿಕದ ಸಿಂಗಲ್ ಪಟ್ಟಿಯಲ್ಲಿ (ಬಿಡಿ ರೆಕಾರ್ಡಾಗಿ ಬಂದ ಹಾಡುಗಳ ಪಟ್ಟಿ) ಮೊದಲ ಸ್ಥಾನಕ್ಕೇರಿದ ಹಾಡಿಗೆ ಮಾತ್ರ ಒಳಗೆ ಜಾಗ. 27 ಹಾಡು, ಒಂದೇ ಸಿಡಿ, 80 ನಿಮಿಷಕ್ಕೆ ಸ್ವಲ್ಪ ಕಡಿಮೆ. ಮೈಸೂರಲ್ಲಿ ಹಾಕಿದರೆ ಬಿಡದಿ ಹತ್ತಿರ ಮುಗಿಯುತ್ತದೆ. ನಡುವೆ ಒಂದು ಹಾಡನ್ನೂ ದಾಟಿಸಬೇಕು ಅನಿಸುವುದಿಲ್ಲ.

ಆದರೆ ಆ ನಿಯಮವೇ ಎಡವಟ್ಟು. 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ಮಿನಿಂದ ಆಗ ಸಿಂಗಲ್ ಬರಲಿಲ್ಲ, ಹಾಗಾಗಿ ಅದರ ಒಂದು ಹಾಡೂ ಇಲ್ಲ. ವೈಟ್ ಆಲ್ಬಮ್ಮಿನದೂ ಅದೇ ಕಥೆ. ಋಷಿಕೇಶದಲ್ಲಿ ಕೂತು ಅದರ ಅಷ್ಟೊಂದು ಹಾಡು ಬರೆದರಲ್ಲ, ಅದೆಲ್ಲ ಲೆಕ್ಕಕ್ಕೇ ಇಲ್ಲ! ಬ್ಯಾಂಡಿನ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್‌ಗೆ ಸಿಕ್ಕಿದ್ದು 'ಸಂಥಿಂಗ್' ಒಂದೇ.

ನನಗೆ ಜಾಸ್ತಿ ಹೊಟ್ಟೆ ಉರಿಸಿದ್ದು 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್'. 'ಪೆನ್ನಿ ಲೇನ್' ಜೊತೆ ಒಂದೇ ರೆಕಾರ್ಡಿನ ಎರಡು ಮುಖವಾಗಿ 1967ರಲ್ಲಿ ಬಂದ ಹಾಡು. ಬ್ರಿಟನ್ನಿನಲ್ಲಿ ಗಾಯಕ ಎಂಗೆಲ್ಬರ್ಟ್ ಹಂಪರ್ಡಿಂಕ್ ಅಡ್ಡ ಬಂದ, ರೆಕಾರ್ಡು ಎರಡರಲ್ಲೇ ನಿಂತಿತು. ಅಮೆರಿಕದಲ್ಲಿ 'ಪೆನ್ನಿ ಲೇನ್' ಮಾತ್ರ ಒಂದಕ್ಕೇರಿತು. ಅವಳಿಗಳಲ್ಲಿ ಒಬ್ಬರನ್ನು ಒಳಗೆ ಕರೆದು ಇನ್ನೊಬ್ಬರನ್ನು ಬಾಗಿಲಲ್ಲೇ ನಿಲ್ಲಿಸಿದ ಹಾಗಾಯಿತು.

ನೀಲಿ ಶುರುವಾಗುವುದೇ ಆ ಹಾಡಿನಿಂದ. ಮೊದಲು ಮೆಲೊಟ್ರಾನ್ ಅನ್ನೋ ಕೀಬೋರ್ಡಿನ ಕೊಳಲು. ಸುಮಾರು ಒಂದು ನಿಮಿಷಕ್ಕೆ ಹಾಡು ಇದ್ದಕ್ಕಿದ್ದಂತೆ ಭಾರವಾಗುತ್ತದೆ. ಬೇರೆ ಬೇರೆ ವೇಗದ, ಬೇರೆ ಬೇರೆ ಶ್ರುತಿಯ ಎರಡು ಟೇಕ್‌ಗಳನ್ನು ಅಲ್ಲಿ ಅಂಟಿಸಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಬೆಸುಗೆ ಸಿಗುತ್ತದೆ. ಅದರ ಹಿಂದೆಯೇ 'ಪೆನ್ನಿ ಲೇನ್'. ಆಮೇಲೆ ಪೆಪ್ಪರ್‌ನ ನಾಲ್ಕು, ವೈಟ್ ಆಲ್ಬಮ್ಮಿನ ಮೂರು. ಒಟ್ಟು 28ರಲ್ಲಿ ಜಾರ್ಜ್‌ನದೇ ನಾಲ್ಕು. 'ಓಲ್ಡ್ ಬ್ರೌನ್ ಶೂ' ಯಾಕೆ ಬೇಕಿತ್ತೋ, ನನಗಂತೂ ಅರ್ಥವಾಗಿಲ್ಲ.

ಕೆಂಪು ಅಷ್ಟು ಗಟ್ಟಿಯಲ್ಲ. 26 ಹಾಡಿನಲ್ಲಿ 'ರಬ್ಬರ್ ಸೋಲ್' ಆಲ್ಬಮ್ಮಿನವು ಆರು, ಸರಿ. ಆದರೆ 'ರಿವಾಲ್ವರ್'ನವು ಎರಡೇ! ಅದರಲ್ಲೊಂದು 'ಯೆಲ್ಲೋ ಸಬ್‌ಮರೀನ್'. ಜಾರ್ಜ್ ಬರೆದದ್ದು ಒಂದೂ ಇಲ್ಲ. ಸಾಲದ್ದಕ್ಕೆ ಒಂದು ಗಂಟೆ ಚಿಲ್ಲರೆಯ ಸಂಗೀತವನ್ನು ಎರಡು ಸಿಡಿಗೆ ಹಂಚಿ ಮಾರಿದರು. ನಾನೂ ದುಡ್ಡು ಕೊಟ್ಟವನೇ.

2023ರಲ್ಲಿ ಎರಡನ್ನೂ ಹಿಗ್ಗಿಸಿದರು, ಕೆಂಪಿಗೆ 38, ನೀಲಿಗೆ 37. ಕೆಂಪಿಗೆ ಲಾಭವಾಯಿತು. 'ಟ್ಯಾಕ್ಸ್‌ಮನ್' ಸೇರಿ 'ರಿವಾಲ್ವರ್'ನ ಇನ್ನೂ ಐದು ಹಾಡು ಬಂದವು. ನೀಲಿಗೆ ಮಾತ್ರ ಸುಮ್ನೆ ಹೊಟ್ಟೆ ಬಂದ ಹಾಗಾಗಿದೆ. ಹಳೇ ನೀಲಿಯ ಕೊನೇ ಹಾಡು 'ದ ಲಾಂಗ್ ಅಂಡ್ ವೈಂಡಿಂಗ್ ರೋಡ್' ಮುಗಿದ ಮೇಲೆ ಮೌನ ಬೇಕು. ಈಗ ಅಲ್ಲಿ 2023ರಲ್ಲಿ ಹೊಸದಾಗಿ ಬಿಟ್ಟ 'ನೌ ಅಂಡ್ ದೆನ್' ಬರುತ್ತದೆ.

ಹುಡುಗನಿಗೆ ಹಳೇ ನೀಲಿ ಕೊಟ್ಟು ಕಳಿಸಿದೆ. '1' ಕಾರಲ್ಲೇ ಇದೆ. ಕೆಂಪನ್ನು ಒಂದೇ ಸಿಡಿಗೆ ಇಳಿಸಿಕೊಂಡೆ. ಉಳಿದ ಜಾಗದಲ್ಲಿ ಆ ಐದು 'ರಿವಾಲ್ವರ್' ಹಾಡುಗಳೂ ಹಿಡಿಸಿದವು.