ಬ್ಲೆಂಡರ್‌ನ ಟೆಕ್ಸ್ಚರ್ ನೋಡ್‌ಗಳು: ವರ್ಷಗಟ್ಟಲೆ ಬಳಸಿದ ಮೇಲೆ

ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನ ನೋಡ್‌ಗಳಲ್ಲೇ (ಒಂದಕ್ಕೊಂದು ಜೋಡಿಸುವ ಸಣ್ಣ ಡಬ್ಬಿಗಳು) ಟೆಕ್ಸ್ಚರ್, ಅಂದರೆ ಮಾಡೆಲ್‌ನ ಮೇಲ್ಮೈಯ ವಿನ್ಯಾಸ, ಕಟ್ಟಲು ನಾನು ಶುರು ಮಾಡಿದ್ದು 2.83ನೇ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಮಾಡೆಲ್‌ಗೆ ಫೋಟೋ ಅಂಟಿಸುತ್ತಿದ್ದೆ. ಹತ್ತಿರದಿಂದ ಚೆನ್ನಾಗಿಯೇ ಇರುತ್ತಿತ್ತು. ಕ್ಯಾಮೆರಾ ಹಿಂದೆ ಸರಿದರೆ ಅದೇ ಕಲೆ, ಅದೇ ಗೀರು ಗೋಡೆಯುದ್ದಕ್ಕೂ ಸಾಲುಗಟ್ಟಿ ನಿಲ್ಲುತ್ತಿತ್ತು. ಅದು ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಬೇರೇನೂ ಕಾಣುವುದಿಲ್ಲ, ಅಲ್ವಾ?

ನೋಡ್‌ಗಳಲ್ಲಿ ಚಿತ್ರ ಇರುವುದಿಲ್ಲ, ಲೆಕ್ಕ ಇರುತ್ತದೆ. ಮೋಡದಂಥ ಅಂಕುಡೊಂಕು ವಿನ್ಯಾಸ ಕೊಡುವ ನಾಯ್ಸ್ ನೋಡ್‌ನ ಮೂಲ ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ವಿಧಾನ. ಮೇಲ್ಮೈಯನ್ನು ಕೋಶಗಳಾಗಿ ಒಡೆಯುವ ವೊರೊನಾಯ್ ನೋಡ್‌ನ ಹಿಂದೆ ಸ್ಟೀವನ್ ವರ್ಲಿ 1996ರಲ್ಲಿ ಕೊಟ್ಟ ಯೋಚನೆ ಇದೆ. ಲೆಕ್ಕ ಮೂರು ಆಯಾಮದಲ್ಲಿ ನಡೆಯುವುದರಿಂದ ಯುವಿ ಬಿಚ್ಚದೆಯೇ (ಮೇಲ್ಮೈಯನ್ನು ಚಪ್ಪಟೆಯಾಗಿ ಹರಡದೆಯೇ) ಮಾಡೆಲ್ ಮೇಲೆ ಕೂರುತ್ತದೆ, ಹೊಲಿಗೆ ಕಾಣುವುದಿಲ್ಲ. ಒಂದೇ ಬಂಡೆಯಿಂದ ಕೆತ್ತಿದ ಹಾಗಿರುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಒಣಗಿದ ಕೆಸರಿನ ಬಿರುಕು ಮಾಡುವುದು. ವೊರೊನಾಯ್‌ನಲ್ಲಿ ಅಂಚಿನ ದೂರ ತೋರಿಸುವ ಆಯ್ಕೆ ಇದೆ. ಅದನ್ನು ಅಂಕಿಗಳಿಗೆ ಬಣ್ಣ ಕೊಡುವ ಕಲರ್ ರ್‍ಯಾಂಪ್‌ಗೆ ಕೊಟ್ಟರೆ ಬಿರುಕುಗಳು ಬರುತ್ತವೆ, ಆದರೆ ಚಾಕುವಿನಿಂದ ಕೊಯ್ದ ಹಾಗೆ ನೇರ. ವೊರೊನಾಯ್‌ಗೆ ಹೋಗುವ ವೆಕ್ಟರ್‌ಗೆ (ಬಿಂದು ಎಲ್ಲಿದೆ ಎಂದು ಹೇಳುವ ಅಂಕಿಗಳಿಗೆ) ಸ್ವಲ್ಪ ನಾಯ್ಸ್ ಬೆರೆಸಿದೆ. ಗೆರೆಗಳು ಅಲ್ಲಲ್ಲಿ ಬಾಗಿದವು, ಕೆಸರು ನಿಜವಾಗಿ ಒಣಗಿದಂತಾಯಿತು. ಅದೇ ಬಿರುಕನ್ನು ಸಣ್ಣ ಅಳತೆಯಲ್ಲಿ ಇನ್ನೊಮ್ಮೆ ಸೇರಿಸಿದಾಗ ದೊಡ್ಡ ಹೆಂಟೆಯೊಳಗೆ ಕೂದಲೆಳೆಯ ಸೀಳುಗಳೂ ಮೂಡಿದವು. ಆವತ್ತು ರಾತ್ರಿ ಮಲಗಲು ಮನಸ್ಸೇ ಬರಲಿಲ್ಲ.

ಬಣ್ಣಕ್ಕಿಂತ ರಫ್‌ನೆಸ್ ಮುಖ್ಯ ಅಂತ ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಕಬ್ಬಿಣದ ಹಿಡಿಕೆಗೆ ಒಂದೇ ಬೂದು ಬಣ್ಣ ಕೊಟ್ಟು, ಕೈ ಆಡುವ ಜಾಗದಲ್ಲಿ ನುಣುಪು, ಸಂದಿಯಲ್ಲಿ ಒರಟು ಮಾಡಿ ನೋಡಿ. ಬೆಳಕು ಬಿದ್ದ ಕೂಡಲೇ ಅದು ಹಳೆಯ ಹಿಡಿಕೆ ಆಗುತ್ತದೆ.

ಬ್ಲೆಂಡರ್ 4.1ರಲ್ಲಿ ಮಸ್‌ಗ್ರೇವ್ ಎಂಬ ಇನ್ನೊಂದು ಟೆಕ್ಸ್ಚರ್ ನೋಡ್ ಹೋಗಿ ಅದರ ಕೆಲಸ ನಾಯ್ಸ್ ನೋಡ್‌ಗೇ ಸೇರಿತು. ಹಳೆಯ ಫೈಲ್‌ಗಳು ತಾವಾಗಿಯೇ ಬದಲಾಗುತ್ತವೆ, ಹೆದರಬೇಕಿಲ್ಲ.

ಜಾಸ್ತಿ ಶ್ರಮ ಇರುವುದು ಬೇಕಿಂಗ್‌ನಲ್ಲಿ. ಗೇಮ್ ಎಂಜಿನ್‌ಗೆ ಈ ನೋಡ್‌ಗಳು ಅರ್ಥವಾಗುವುದಿಲ್ಲ, ಎಲ್ಲವನ್ನೂ ಚಿತ್ರವಾಗಿ ಇಳಿಸಬೇಕು. ಆಗ ಯುವಿ ಬಿಚ್ಚಲೇಬೇಕು. 4096 × 4096ರ (4ಕೆ) ಚಿತ್ರ ಅಂದರೆ 1.67 ಕೋಟಿಗೂ ಹೆಚ್ಚು ಪಿಕ್ಸೆಲ್. ನಾಲ್ಕು ಚಾನೆಲ್ (ಕೆಂಪು, ಹಸಿರು, ನೀಲಿ, ಪಾರದರ್ಶಕತೆ), ತಲಾ 8 ಬಿಟ್ ಇದ್ದು ಕುಗ್ಗಿಸದೆ ಇಟ್ಟರೆ ಒಂದಕ್ಕೇ 64 ಎಂಬಿ ಮೆಮೊರಿ. ಹಾಗಾಗಿ ಸುಮ್ನೆ ಎಲ್ಲದಕ್ಕೂ 4ಕೆ ಇಡಬೇಡಿ. ದೂರದ ವಸ್ತುವಿಗೆ 1ಕೆ (1024 × 1024) ಸಾಕು.

ಇಲ್ಲಿ ನಾನು ಮಾಡಿದ ಎರಡು ತಪ್ಪು ಹೇಳುತ್ತೇನೆ, ನಿಮ್ಮ ಸಮಯ ಉಳಿಯಲಿ. ಬೇಕ್ ಮಾಡಿದ ನಾರ್ಮಲ್ ಮ್ಯಾಪ್ ಅನ್ನು (ಮೇಲ್ಮೈ ಯಾವ ಕಡೆ ವಾಲಿದೆ ಎಂದು ಹೇಳುವ ಚಿತ್ರ) ಎಸ್‌ಆರ್‌ಜಿಬಿ, ಅಂದರೆ ಮಾಮೂಲಿ ಬಣ್ಣದ ಚಿತ್ರ, ಆಗಿಯೇ ಬಿಟ್ಟಿದ್ದೆ. ಬೆಳಕು ಎಲ್ಲೆಲ್ಲೋ ತಪ್ಪಾಗಿ ಬೀಳುತ್ತಿತ್ತು, ಮೂರು ದಿನ ಲೈಟ್‌ಗಳನ್ನೇ ತಿದ್ದುತ್ತಾ ಕೂತೆ. ಅದನ್ನು ನಾನ್-ಕಲರ್‌ಗೆ (ಬಣ್ಣವಲ್ಲ, ಬರೀ ಅಂಕಿ ಎಂದು ಓದುವ ಆಯ್ಕೆ) ಬದಲಿಸಿದರೆ ಸಾಕಿತ್ತು. ಇನ್ನೊಂದು, ಮೇಲ್ಮೈಯ ಏರುತಗ್ಗು ಹೇಳುವ ಡಿಸ್‌ಪ್ಲೇಸ್‌ಮೆಂಟ್ ಚಿತ್ರವನ್ನು 8 ಬಿಟ್‌ನಲ್ಲಿ ಉಳಿಸಿದ್ದು. ಅದರಲ್ಲಿ 256 ಮಟ್ಟ ಮಾತ್ರ ಇರುವುದರಿಂದ ಇಳಿಜಾರೆಲ್ಲ ಮೆಟ್ಟಿಲಾಯಿತು. ಈಗ 32 ಬಿಟ್ ಇಎಕ್ಸ್‌ಆರ್ ಫೈಲ್‌ನಲ್ಲೇ ಇಡುತ್ತೇನೆ.

ಎಲ್ಲವನ್ನೂ ನೋಡ್‌ನಿಂದಲೇ ಮಾಡುವ ಹಟ ನನಗೆ ಈಗ ಇಲ್ಲ. ಮನುಷ್ಯನ ಮುಖದ ಚರ್ಮಕ್ಕೆ, ಗಂಟುಗಳಿರುವ ಮರದ ಹಲಗೆಗೆ ಒಳ್ಳೆಯ ಫೋಟೋ ಅಥವಾ ಸ್ಕ್ಯಾನ್ ಇದ್ದರೆ ಅದನ್ನೇ ತೆಗೆದುಕೊಳ್ಳುತ್ತೇನೆ. ಅದರ ಮೇಲಿನ ಧೂಳು, ಸವೆತ, ನೀರು ಇಳಿದ ಕಲೆ ಮಾತ್ರ ನೋಡ್‌ಗಳಿಂದ. ಹಲಗೆಯ ಫೋಟೋ ನಾಲ್ಕು ಸಲ ಬಂದರೂ ಕಲೆ ನಾಲ್ಕು ಕಡೆ ನಾಲ್ಕು ಥರ ಬೀಳುತ್ತದೆ.