ಪಾದದಿಂದ ವಿಷ ತೆಗೀತೀವಿ ಅನ್ನೋರ ಟಬ್ಬಿಗೆ ಕಾಲಿಡಬೇಡಿ: ಶುಗರ್ ಇರೋರು ಓದಿ

ಶುಗರ್ ಇದ್ದು ಕಾಲು ಉರಿ ಇರೋರು, ಮನೆಯಲ್ಲಿ ಅಂಥವರನ್ನ ನೋಡಿಕೊಳ್ತಿರೋರು, ದಯವಿಟ್ಟು ಇದನ್ನ ಪೂರ್ತಿ ಓದಿ. ಸಿಟ್ಟಲ್ಲಿ ಬರೀತಿದೀನಿ, ಹಿಂದು ಮುಂದು ಆಗಬಹುದು.

ನನಗೆ ಶುಗರ್ ಬಂದು ಬಹಳ ವರ್ಷ ಆಯ್ತು. ಕಾಲು ಉರಿ ಏನು ಅನ್ನೋದು ಅನುಭವಿಸಿದವರಿಗೇ ಗೊತ್ತು. ಹಗಲು ಹೇಗೋ ಕಳೆದುಹೋಗುತ್ತೆ. ರಾತ್ರಿ ಮಲಗಿದ ಮೇಲೆ ಶುರು, ಪಾದಕ್ಕೆ ಮೆಣಸಿನಪುಡಿ ಹಚ್ಚಿದ ಹಾಗೆ. ಹೊದಿಕೆ ತಾಗಿದರೂ ಸಹಿಸೋಕಾಗಲ್ಲ. ಇಷ್ಟೆಲ್ಲಾ ಉರಿಯೋ ಅದೇ ಕಾಲಿಂದ ಚಪ್ಪಲಿ ಜಾರಿ ಬಿದ್ದರೆ ಮಾತ್ರ ಗೊತ್ತೇ ಆಗಲ್ಲ, ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಯಾರೋ ಕೂಗಿ ಹೇಳಬೇಕು. ಇಂಥವರ ಕೈಗೆ "ಮಾತ್ರೆ ಬೇಡ, ಇಂಜೆಕ್ಷನ್ ಬೇಡ, ಬರೀ ನೈಸರ್ಗಿಕ ರಿಲ್ಯಾಕ್ಸೇಶನ್‌ನಿಂದ ಶುಗರ್ ನರನೋವಿಗೆ ಶಾಶ್ವತ ಪರಿಹಾರ" ಅಂತ ಪಾಂಪ್ಲೆಟ್ ಸಿಕ್ಕರೆ ಯಾರು ಹೋಗಲ್ಲ ಹೇಳಿ? ನಮ್ಮ ಹಾಸನದಲ್ಲಿ ನ್ಯೂಸ್ ಪೇಪರ್ ಒಳಗಿಟ್ಟು ಮನೆಮನೆಗೆ ಹಾಕಿಸಿದ್ರು.

ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ಕ್ಯಾಂಪು. ಮೊದಲನೇ ಸಿಟ್ಟಿಂಗ್ ಫ್ರೀ. (ಇಂಥ ಕಡೆ ಮೊದಲನೇದು ಯಾವಾಗಲೂ ಫ್ರೀನೇ ಅಲ್ವಾ.) ಸಾಲಾಗಿ ಕುರ್ಚಿ, ಕುರ್ಚಿ ಮುಂದೆ ಪ್ಲಾಸ್ಟಿಕ್ ಟಬ್, ಟಬ್ಬಲ್ಲಿ ಬಿಸಿನೀರು, ಅದಕ್ಕೊಂದು ಹಿಡಿ ಉಪ್ಪು, ಅದರೊಳಗೆ ಸುರುಳಿ ಥರದ್ದೊಂದು ಸಾಧನ, ವೈರು ಮೆಷಿನ್ನಿಗೆ. ಸ್ಪೀಕರಿನಲ್ಲಿ ಕೊಳಲು. ಒಬ್ಬ ಹುಡುಗಿ ಮೈಕಲ್ಲಿ "ಉಸಿರು ನಿಧಾನ ಒಳಗೆ ತಗೊಳ್ಳಿ, ನಿಧಾನ ಬಿಡಿ, ಭುಜ ಸಡಿಲ ಬಿಡಿ" ಅಂತಾಳೆ. ಸುಳ್ಳು ಯಾಕೆ ಹೇಳಲಿ, ಹಾಯ್ ಅನ್ನಿಸ್ತು. ಅರ್ಧ ಗಂಟೆಗೆ ನೀರು ಕಂದು ಬಣ್ಣಕ್ಕೆ ತಿರುಗಿತು, ಮೇಲೆ ನೊರೆ ಬೇರೆ. "ನೋಡಿ ಅಂಕಲ್, ಇಷ್ಟು ವರ್ಷ ನಿಮ್ಮ ನರದಲ್ಲಿ ಕೂತಿದ್ದ ವಿಷ ಇದು!"

ಪ್ಯಾಕೇಜ್ 6,500 ರೂಪಾಯಿ, ಜೊತೆಗೆ ಒಂದು ಬಾಟಲ್ ಎಣ್ಣೆ. ಕಟ್ಟಿದೆ. ಕಂದು ನೀರಿನ ಫೋಟೋ ತೆಗೆದು ಮನೆಯವರ ಗ್ರೂಪಿಗೂ ಹಾಕಿದೆ. ಅದನ್ನ ನೋಡಿ ನಮ್ಮ ಭಾವನೋರೂ ಬಂದು ದುಡ್ಡು ಕಟ್ಟಿದ್ರು. ಈಗ ಹಬ್ಬಕ್ಕೆ ಅವರ ಮನೆಗೆ ಹೋಗೋಕೆ ಮುಖ ಇಲ್ಲ.

ನನಗೆ ಅವತ್ತೇ ಅನುಮಾನ ಇತ್ತು, ಕೇಳಿಯೂ ಕೇಳಿದೆ. "ಕಾಲು ಇಡದೆ ಬರೀ ನೀರಿಗೆ ಒಂದ್ಸಲ ಮೆಷಿನ್ ಹಾಕಿ ತೋರಿಸಿ" ಅಂದೆ. "ಪಾದ ಇಲ್ಲದೆ ಓಡಿಸಿದರೆ ಸರ್ಕ್ಯೂಟ್ ಸುಟ್ಟುಹೋಗುತ್ತೆ ಸಾರ್, ಫಾರಿನ್ ಮೆಷಿನ್" ಅಂದ ಕ್ಯಾಂಪಿನ ಮ್ಯಾನೇಜರ್. ಎಷ್ಟು ನಯವಾಗಿ ಅಂದ ಅಂದರೆ ಮುಂದೆ ಬಾಯಿ ಬರಲಿಲ್ಲ.

ಆಮೇಲೊಂದು ದಿನ ಬೇಗ ಹೋದೆ. ಹಾಲ್‌ನಲ್ಲಿ ಯಾರೂ ಇರಲಿಲ್ಲ. ಕೆಲಸದ ಹುಡುಗ ಟಬ್ ತುಂಬಿಸಿ, ಸ್ವಿಚ್ ಹಾಕಿ ಟೀ ಕುಡಿಯೋಕೆ ಹೋಗಿದ್ದ. ಖಾಲಿ ಕುರ್ಚಿ. ಟಬ್ಬಲ್ಲಿ ಯಾರ ಕಾಲೂ ಇಲ್ಲ. ನೀರು ಕಂದು! ಅದೇ ಬಣ್ಣ, ಅದೇ ನೊರೆ! ನಾನು ನಿಂತೇ ಇದ್ದೆ, ಇನ್ನೂ ಗಾಢ ಆಗ್ತಾ ಹೋಯ್ತು. ಯಾರ ನರದ ವಿಷ ಸ್ವಾಮಿ ಅದು? ಕುರ್ಚಿದಾ?

ಮ್ಯಾನೇಜರನ್ನ ಕರೆದು ತೋರಿಸಿದೆ. ಅವನ ಉತ್ತರಗಳನ್ನ ಹಾಗೇ ಬರೀತೀನಿ, ನಿಮಗೂ ಇದನ್ನೇ ಹೇಳ್ತಾರೆ. ಮೊದಲು, "ಅದು ನಿನ್ನೆ ಪೇಷಂಟಿದು ಸಾರ್, ಟಬ್ಬಲ್ಲಿ ಉಳಿದಿರುತ್ತೆ". ಹುಡುಗ ತೊಳೆದಿಲ್ವಾ ಅಂದೆ. "ತೊಳೆದಿದಾನೆ, ಆದರೂ ಟಾಕ್ಸಿನ್ ಅಂಟಿಕೊಂಡಿರುತ್ತೆ". ಸರ್ಕ್ಯೂಟ್ ಸುಡುತ್ತೆ ಅಂದಿದ್ರಲ್ಲ, ಈಗ ಯಾಕೆ ಸುಟ್ಟಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಪಕ್ಕದಲ್ಲಿ ನಿಂತಿದ್ರಲ್ಲ, ನಿಮ್ಮ ಬಾಡಿ ಎನರ್ಜಿ ಎಳೆದಿದೆ" ಅಂದ. ನಗಬೇಕೋ ಹೊಡೀಬೇಕೋ ತಿಳೀಲಿಲ್ಲ. ಕೊನೆಗೆ "ನಂಬಿಕೆ ಇಲ್ಲದವರಿಗೆ ರಿಸಲ್ಟ್ ಬರಲ್ಲ ಸಾರ್".

ಆ ಬಣ್ಣ ಏನು ಅಂತ ಆಮೇಲೆ ನಮ್ಮ ಅಣ್ಣನ ಮಗ ಹೇಳಿದ, ಪಿಯುಸಿ ಹುಡುಗ. ಉಪ್ಪುನೀರಿಗೆ ಲೋಹ ಇಳಿಸಿ ಕರೆಂಟ್ ಬಿಟ್ಟರೆ ಲೋಹದಲ್ಲಿರೋ ಕಬ್ಬಿಣ ಕರಗಿ ತುಕ್ಕಾಗುತ್ತೆ. ತುಕ್ಕಿನ ಬಣ್ಣ ಅದು, ಅಷ್ಟೇ. ರಕ್ತದಲ್ಲಿರೋ ಕಶ್ಮಲ ಸೋಸೋದಕ್ಕೆ ಕಿಡ್ನಿ, ಲಿವರ್ ಇದಾವೆ, ಅಂಗಾಲಿಗೆ ಆ ಕೆಲಸ ಇಲ್ಲ. 6,500 ಕೊಟ್ಟು ತುಕ್ಕು ನೋಡಿಕೊಂಡು ಬಂದೆ.

ದುಡ್ಡು ಹಾಳಾಗಲಿ. ಅಸಲಿ ವಿಷಯ ಇನ್ನೂ ಹೇಳಿಲ್ಲ.

ನೀರು ಬಿಸಿ ಇದ್ದಷ್ಟೂ ರಂಧ್ರ ತೆರೆದುಕೊಳ್ಳುತ್ತೆ ಅಂತ ಅವರ ವಾದ, ಹಾಗಾಗಿ ಮಧ್ಯೆ ಮಧ್ಯೆ ಬಿಸಿನೀರು ಸುರೀತಿದ್ರು. ನನಗೆ ಬಿಸಿ ಗೊತ್ತಾಗ್ತಿರಲಿಲ್ಲ. "ನೋಡಿ, ತಡ್ಕೊಳ್ಳೋ ಶಕ್ತಿ ಬಂತು" ಅಂತ ಆ ಹುಡುಗಿ ಚಪ್ಪಾಳೆ ತಟ್ಟಿಸಿದ್ಲು! ಮನೆಗೆ ಬಂದರೆ ನನ್ನ ಹೆಂಡತಿ ಸಾಕ್ಸ್ ಒದ್ದೆ ಇರೋದು ನೋಡಿದ್ಲು. ಕಿರುಬೆರಳ ಬುಡದಲ್ಲಿ ಬೊಬ್ಬೆ ಬಂದು ಒಡೆದಿತ್ತು. ನೋವೇ ಇಲ್ಲ. ನೋವಿಲ್ಲ ಅನ್ನೋದೇ ಭಯ ಪಡಬೇಕಾದ ವಿಷಯ ಅಂತ ಡಾಕ್ಟರ್ ಅಂದ್ರು. ಗಾಯ ಕೀವಾಗಿ, ಡ್ರೆಸ್ಸಿಂಗ್, ಆಂಟಿಬಯೋಟಿಕ್, ಓಡಾಟ. ಬೆರಳು ಉಳೀತು, ಪುಣ್ಯ.

ಡಾಕ್ಟರ್ ಒಂದು ನೈಲಾನ್ ಎಳೆ ತಗೊಂಡು ಅಂಗಾಲಿಗೆ ಅಲ್ಲಲ್ಲಿ ಒತ್ತಿದ್ರು. ಬಾಗಿದಾಗ ಹತ್ತು ಗ್ರಾಂ ಒತ್ತಡ ಬೀಳೋ ಎಳೆ ಅದು. ನಾನು ಕಣ್ಣು ಮುಚ್ಚಿಕೊಂಡಿದ್ದೆ, ಇನ್ನೂ ಶುರು ಮಾಡಿಲ್ಲ ಅಂದುಕೊಂಡಿದ್ದೆ, ಅವರು ಆಗಲೇ ಮುಗಿಸಿದ್ರು. ಶುಗರ್ ಜಾಸ್ತಿ ಇದ್ದು ಇದ್ದು ನರ ಹಾಳಾದಾಗ ಉರಿಯೂ ಇರುತ್ತೆ, ಸ್ಪರ್ಶವೂ ಹೋಗಿರುತ್ತೆ, ಎರಡೂ ಒಟ್ಟಿಗೇ ಅಂತೆ. ವಿಟಮಿನ್ ಬಿ12 ಪರೀಕ್ಷೆನೂ ಬರೆದ್ರು, ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಬಹಳ ವರ್ಷ ತಗೊಂಡೋರಿಗೆ ಅದು ಕಮ್ಮಿ ಆಗಿ ನರಕ್ಕೆ ತೊಂದರೆ ಆಗೋದುಂಟು. ಇಂಥದ್ದನ್ನ ಆ ಕ್ಯಾಂಪಲ್ಲಿ ಯಾರಾದರೂ ಕೇಳಿದ್ರಾ? ಶುಗರ್ ಮಾತ್ರೆ ಅರ್ಧ ಮಾಡಿ ಅಂದಿದ್ರು, ಅಷ್ಟೇ.

ರಿಲ್ಯಾಕ್ಸೇಶನ್ ಅನ್ನೋದನ್ನ ಡಾಕ್ಟರ್ ಬೈಯಲಿಲ್ಲ. ನಿದ್ದೆ ಕೆಟ್ಟರೆ ನೋವು ಹೆಚ್ಚು ಅನ್ನಿಸುತ್ತೆ, ಮಲಗೋ ಮುಂಚೆ ನಿಧಾನ ಉಸಿರಾಟ, ಶವಾಸನ ಮಾಡಿ, ಸಹಿಸೋಕೆ ಸುಲಭ ಆಗಬಹುದು ಅಂದ್ರು. ಮಾಡ್ತಿದೀನಿ, ಮಲಗೋಕೆ ಅನುಕೂಲ ಆಗಿದೆ. ಆದರೆ ಅದರಿಂದ ನರ ರಿಪೇರಿ ಆಗಲ್ಲ ಅಂತಾನೂ ಅಂದ್ರು, ಉರಿಗೆ ಬೇರೆ ಮಾತ್ರೆ ಕೊಟ್ಟಿದಾರೆ. ಉಸಿರಾಟಕ್ಕೆ ಕಾಸಿಲ್ಲ ಸ್ವಾಮಿ. ಟಬ್ ಬೇಡ, ಕೊಳಲು ಬೇಡ, ಪ್ಯಾಕೇಜ್ ಬೇಡ.

ದುಡ್ಡು ವಾಪಸ್ ಕೇಳೋಕೆ ಗಾಯದ ಫೋಟೋ ಹಿಡ್ಕೊಂಡು ಹೋದೆ. ಮ್ಯಾನೇಜರ್ ನನ್ನ ಬಿಲ್ಲನ್ನೇ ನನಗೆ ತೋರಿಸಿದ. ಅದರಲ್ಲಿ "ರಿಲ್ಯಾಕ್ಸೇಶನ್ ಸೇವೆ, ಹಣ ಹಿಂತಿರುಗಿಸಲಾಗುವುದಿಲ್ಲ" ಅಂತಿದೆ. "ಟ್ರೀಟ್‌ಮೆಂಟ್ ಅಂತ ಎಲ್ಲಿ ಹೇಳಿದೀವಿ ಸಾರ್? ನೀವೇ ಹಾಗೆ ತಿಳ್ಕೊಂಡ್ರೆ?" ಪಾಂಪ್ಲೆಟ್‌ನಲ್ಲಿ ಶಾಶ್ವತ ಪರಿಹಾರ, ಬಿಲ್ಲಲ್ಲಿ ರಿಲ್ಯಾಕ್ಸೇಶನ್! ಪಾಂಪ್ಲೆಟ್ ತೆಗೆದು ಮುಂದಿಟ್ಟೆ. "ಅದು ಪ್ರಿಂಟರ್ ಮಿಸ್ಟೇಕು". ಗಾಯ ತೋರಿಸಿದೆ. "ಒಳಗಿನ ವಿಷ ಹೊರಗೆ ಬರೋ ಲಕ್ಷಣ ಸಾರ್, ಇನ್ನೊಂದು ಪ್ಯಾಕೇಜ್ ತಗೊಳ್ಳಿ, ಅರ್ಧ ರೇಟಿಗೆ ಮಾಡಿಕೊಡ್ತೀನಿ". ಇದನ್ನ ಅಂದಿದ್ದು, ಡ್ರೆಸ್ಸಿಂಗ್ ಸುತ್ತಿದ ಕಾಲನ್ನ ಎದುರಿಗೇ ನೋಡ್ತಾ!

ಅದಕ್ಕೇ ಪಾಂಪ್ಲೆಟ್ ಬಿಸಾಕಬೇಡಿ. ಬಿಲ್ಲಿಗಿಂತ ಅದೇ ಮುಖ್ಯ. ಶುಗರ್ ಗುಣ ಮಾಡ್ತೀವಿ ಅಂತ ಔಷಧಿಗೆ ಜಾಹೀರಾತು ಕೊಡೋದನ್ನ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ, ಶುಗರ್ ಹೆಸರು ಆ ಪಟ್ಟಿಯಲ್ಲೇ ಇದೆ. ನಾನು 1915ಕ್ಕೆ, ಅಂದರೆ ಗ್ರಾಹಕರ ಸಹಾಯವಾಣಿಗೆ, ದೂರು ಕೊಟ್ಟಿದೀನಿ.

ಬಿಸಿನೀರಲ್ಲಿ ಕಾಲು ನೆನೆಹಾಕಬೇಡಿ, ಎಲ್ಲೂ, ಮನೆಯಲ್ಲೂ. ತೊಳೆಯೋ ನೀರನ್ನ ಕಾಲಿಂದಲ್ಲ, ಮೊಣಕೈಯಿಂದ ನೋಡಿ, ಇನ್ನೂ ಒಳ್ಳೇದು ಅಂದರೆ ಮನೆಯವರ ಹತ್ತಿರ ನೋಡಿಸಿ. ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿದು ದಿನಾ ನೋಡ್ಕೊಳ್ಳಿ. ಮಧ್ಯಾಹ್ನ ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬೇಡ. ಎಂಸಿಆರ್ ಚಪ್ಪಲಿಗೆ (ಅಂಗಾಲಿಗೆ ಮೆತ್ತಗಿರೋ ರಬ್ಬರಿನದು) ಆ ಪ್ಯಾಕೇಜಿನ ದುಡ್ಡಿಗಿಂತ ಎಷ್ಟೋ ಕಮ್ಮಿ, ಅದನ್ನ ತಗೊಳ್ಳಿ.

ಕ್ಯಾಂಪು ನಮ್ಮಲ್ಲಿ ಖಾಲಿ ಮಾಡಿದಾರೆ. ಮುಂದೆ ಅರಸೀಕೆರೆ ಕಡೆ ಅಂತ ಕೆಲಸದ ಹುಡುಗನೇ ಹೇಳಿದ. ಆ ಕಡೆ ಶುಗರ್ ಇರೋ ನೆಂಟರಿದ್ದರೆ ಇವತ್ತೇ ಫೋನ್ ಮಾಡಿ. ಹೋಗಿಯೇ ತೀರ್ತೀನಿ ಅಂದರೆ, ಬೇಗ ಹೋಗಿ ಖಾಲಿ ಟಬ್ಬಿನ ನೀರು ನೋಡೋಕೆ ಹೇಳಿ, ಆಮೇಲೆ ದುಡ್ಡು ಕಟ್ಟಲಿ.